ಕಣಕ್ಕೆ ಮಜ್ಜಿಗೆ ಬಂತು

ಸದಲಗಾ ತಾಲೀಮಿನ, ನಮ್ಮೂರ ಗರಡಿಯ, ಕೆಂಪು ಮಣ್ಣಿಗೆ ನಮ್ಮ ಮನೆಯ ಮಜ್ಜಿಗೆ ಬೀಳದೆ ಕುಸ್ತಿ ಶುರುವಾಗುವುದಿಲ್ಲ. ನನ್ನ ಅತ್ತೆಯ ಕಾಲದಿಂದ ನಡೆದು ಬಂದದ್ದು. ಮೈದಾನದ ದಿನ, ಅಂದರೆ ಊರ ಕುಸ್ತಿ ಪಂದ್ಯದ ದಿನ, ಮುಂಜಾನೆ ಗಂಡಸರು ಕಣದ ಮಣ್ಣು ಸಡಿಲಿಸಿ, ಎಣ್ಣೆ, ಅರಿಷಿಣ, ಲಿಂಬೆಯ ರಸ ಹಾಕಿ ಕಾಯುತ್ತ ನಿಲ್ಲುತ್ತಾರೆ. ನಾನು ಚಪ್ಪಲಿ ಬಿಟ್ಟು, ಕೊಡ ಹೊತ್ತು, ಕಣದ ನಡುವಿನವರೆಗೆ ಹೋಗಿ ಮಜ್ಜಿಗೆ ಸುರಿಯುತ್ತೇನೆ. ಆಗ ಯಾರಾದರೊಬ್ಬರು ‘ಮಜ್ಜಿಗಿ ಬಂತು’ ಎಂದು ಕೂಗುತ್ತಾರೆ, ಹಲಗಿ ಬಡಿಯುತ್ತಾರೆ. ಸಂಜೆ ದೊಡ್ಡ ಕುಸ್ತಿ ಮುಗಿದ ಮೇಲೆ ಒಂದು ಗಿಂಡಿ ಮಜ್ಜಿಗೆಯನ್ನು ಮತ್ತೆ ಒಯ್ದು ಹೊಯ್ಯಬೇಕು. ಕಾದ ಮಣ್ಣು ತಣ್ಣಗಾಗದಿದ್ದರೆ ಸೋತವನ ಸಿಟ್ಟು ಅದರಲ್ಲೇ ಉಳಿಯುತ್ತದೆ ಎಂದು ಹಿರಿಯರ ಮಾತು. ಮುಂಜಾನೆ ಸುರಿದ ಕೈಯೇ ಸಂಜೆಯೂ ಸುರಿಯಬೇಕು. ಕೈ ಬದಲಾಗುವಂತಿಲ್ಲ.

ಇಷ್ಟು ವರ್ಷ ಹೋಗಿ ಬಂದರೂ ‘ಕೆಂಪವ್ವ ಬಂದಳು’ ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಮಜ್ಜಿಗೆ ಬಂತು ಎನ್ನುತ್ತಾರೆ, ಕೊಡಕ್ಕೇ ಕಾಲು ಮೂಡಿದ ಹಾಗೆ. ನನಗೂ ಅದರಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಎಮ್ಮೆ ಕಟ್ಟಿಕೊಂಡವಳಿಗೆ ಅನ್ನಿಸಿಕೊಳ್ಳಲು ಪುರುಸೊತ್ತಾದರೂ ಎಲ್ಲಿ.

ನಮ್ಮ ಕೊಟ್ಟಿಗೆಯ ಎದುರಿಗೆ ಸುಜಯನ ಮನೆ. ಜೈನರು, ಒಳ್ಳೆಯ ಜನ, ಅವನ ಅಜ್ಜನ ಕಾಲದಿಂದಲೂ ಆ ಮನೆಗೆ ಹಾಲು ನಮ್ಮದೇ. ಸುಜಯ ಮೊದಲು ಒಂದು ಪತ್ರಿಕೆಗೆ ಕುಸ್ತಿಯ ಸುದ್ದಿ ಬರೆಯುತ್ತಿದ್ದ. ನಿಪ್ಪಾಣಿ, ಅಥಣಿ, ಕಾಗವಾಡ, ಎಲ್ಲಿ ಮೈದಾನವಿದ್ದರೂ ಅವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ತಲೆಗೆ ಪಟಗಾ, ಕೈಗೆ ತೆಂಗಿನಕಾಯಿ. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರಕ್ಕೆ ಅಕ್ಷರ ಕೂಡಿಸಿ ಅವನ ಹೆಸರು ಓದುತ್ತಿದ್ದೆ. ಅವನು ದಾಟಿ ಹೋಗುವಾಗ ಜನ ಕಟ್ಟೆಯಿಂದ ಇಳಿದು ಮಾತಾಡಿಸುತ್ತಿದ್ದರು. ಆಮೇಲೆ ಪತ್ರಿಕೆಯವರು ಕುಸ್ತಿಯ ಸುದ್ದಿಯನ್ನು ಸಣ್ಣದು ಮಾಡುತ್ತ ಮಾಡುತ್ತ ಒಂದು ದಿನ ನಿಲ್ಲಿಸಿಯೇಬಿಟ್ಟರು. ಸುಜಯ ಎದೆಗುಂದದೆ ಯೂಟ್ಯೂಬಿನಲ್ಲಿ ತನ್ನದೇ ಒಂದು ಚಾನೆಲ್ ಮಾಡಿಕೊಂಡ. ಮೈಕು ಹಿಡಿದು ಮಾತಾಡುವುದು ಅವನು, ಕ್ಯಾಮೆರಾ ಹಿಡಿಯುವುದು ಹೆಂಡತಿ ಪ್ರಾಜಕ್ತಾ. ಆದರೆ ನೋಡುವವರು ಕಡಿಮೆ.

ಕೊಕಟನೂರಿನ ಮೈದಾನದಲ್ಲಿ ಅವನ ಗಂಟಲು ಕಟ್ಟಿತು. ಧೂಳಿಗೋ ಏನೋ, ಸ್ವರವೇ ಹೊರಡಲಿಲ್ಲ. ಅವತ್ತೊಂದು ದಿನ ಎಂದು ಮೈಕನ್ನು ಹೆಂಡತಿಯ ಕೈಗೆ ಕೊಟ್ಟ. ಎಲ್ಲರೂ ಗೆದ್ದವನ ಹಿಂದೆ ಓಡಿದಾಗ ಪ್ರಾಜಕ್ತಾ ಸೋತವನ ಹತ್ತಿರ ಹೋದಳು. ಅವನು ಅದೇ ಊರಿನ ಮಾಳಸಿದ್ದ, ಕುರಿಗಾರರ ಮಗ, ನಮ್ಮ ಪೈಕಿಯವನೇ. ತಲೆಯ ತುಂಬ ಮಣ್ಣು ಮೆತ್ತಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ಅವಳು ಅವನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದಳು.

“ಊಟ ಮಾಡೀರೇನ್ರಿ?”

ಅವನು ಅವಳ ಮುಖವನ್ನೇ ನೋಡಿದ. ಸೋತಾಗ ಇದನ್ನು ಯಾರೂ ಕೇಳಿಲ್ಲ ಎಂದ. ಆಮೇಲೆ ಕಟ್ಟೆ ಒಡೆದ ನೀರಿನ ಹಾಗೆ ಮಾತಾಡಿದ. ಕುಸ್ತಿಯ ದಿನ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ ಎಂದ, ಸೋತು ಹೋದರೆ ಅವ್ವ ಏನೂ ಅನ್ನದೆ ಹಾಲು ಕಾಯಿಸುತ್ತಾಳೆ, ಆ ಸುಮ್ಮನಿರುವಿಕೆಯೇ ತಡೆಯದು ಎಂದ. ಆ ವಿಡಿಯೊ ಹೊಳೆಯ ಆಚೆ ಕೊಲ್ಹಾಪುರದ ತನಕ ಓಡಿತು. ಕಬ್ಬು ಕಡಿಯುವ ಹೊಲದಲ್ಲಿಯೂ ಅದೇ, ಬಸ್ಸಿನಲ್ಲಿಯೂ ಅದೇ.

ಅಂದಿನಿಂದ ಕೈ ಬದಲಾಯಿತು. ಮೈಕು ಅವಳದು, ಕ್ಯಾಮೆರಾ ಅವನದು. ಚಾನೆಲ್ ಬೆಳೆಯಿತು. ಸುಜಯ ದಾಟಿ ಹೋಗುವಾಗ ಕಟ್ಟೆಯ ಮೇಲಿನವರು ಈಗ ‘ಪ್ರಾಜಕ್ತಾನ ಗಂಡ ಹೊಂಟಾನ’ ಎನ್ನುತ್ತಿದ್ದರು. ತಮಾಷೆಗೆ ಅಂದದ್ದು. ಆದರೆ ಅವನ ಕಿವಿ ಕೆಂಪಾಗುವುದು ನನಗೆ ಹಾಲು ಹಿಂಡುವಲ್ಲಿಂದಲೇ ಕಾಣುತ್ತಿತ್ತು.

ಹಾಗೆಂದು ಅವಳಿಗೇನೂ ಹೂವಿನ ಹಾಸಿಗೆ ಇರಲಿಲ್ಲ. ಮೈದಾನಕ್ಕೆ ಹೋದರೆ ಕುರ್ಚಿ ಸುಜಯನಿಗೆ, ಪಟಗಾ ಸುಜಯನಿಗೆ. ಅವಳ ಕೈಗೆ ಒಂದು ರವಿಕೆ ಬಟ್ಟೆ ಕೊಟ್ಟು ಹೆಂಗಸರ ಸಾಲು ತೋರಿಸುತ್ತಿದ್ದರು. ಪ್ರಶ್ನೆ ಅವಳು ಕೇಳಿದರೆ ಪೈಲ್ವಾನರು ಉತ್ತರವನ್ನು ಕ್ಯಾಮೆರಾದ ಹಿಂದಿನ ಸುಜಯನಿಗೆ ಹೇಳುತ್ತಿದ್ದರು. ಲಂಗೋಟಿ ಹಾಕಿದ ಹುಡುಗರ ನಡುವೆ ಇವಳಿಗೆ ಏನು ಕೆಲಸ ಎಂದು ಕೆಲವರು, ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೆಲವರು. ರಾಯಬಾಗದ ಕಡೆ ಒಬ್ಬ ಪಂಚ, ಕುಸ್ತಿ ತೀರ್ಪು ಮಾಡುವ ಹಿರಿಯ, ಎಲ್ಲರೆದುರು ಅವಳನ್ನು ನಿಲ್ಲಿಸಿ ‘ಘಿಸ್ಸಾ’ ಪಟ್ಟು ಎಂದರೆ ಏನು ಹೇಳು ನೋಡೋಣ ಎಂದನಂತೆ. ಅವಳು ಸರಿಯಾಗಿಯೇ ಹೇಳಿದಳು. ಹೇಳಿದ ಮೇಲೂ ನಕ್ಕರು. ಸುಜಯನನ್ನು ಯಾರೂ ಎಂದೂ ಹಾಗೆ ಪರೀಕ್ಷೆ ಮಾಡಿದ್ದಿಲ್ಲ.

ಜೈನರಾದ್ದರಿಂದ ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ದೊಡ್ಡ ಕುಸ್ತಿ ಶುರುವಾಗುವುದೇ ಆ ಹೊತ್ತಿಗೆ. ಗಂಡಸರು ಎಲ್ಲಿ ಕೂತು ಉಂಡರೂ ನಡೆಯುತ್ತದೆ. ಇವಳು ಡಬ್ಬಿ ಹಿಡಿದು, ಗಾಡಿಯೊಳಗೆ ಗಾಜು ಏರಿಸಿಕೊಂಡು, ಎರಡು ತುತ್ತು ನುಂಗಿ ಓಡಿ ಬರುತ್ತಿದ್ದಳು. ಉಣ್ಣುವುದನ್ನೂ ಇಣುಕಿ ನೋಡುವವರಿದ್ದರು.

ಪ್ರತಿ ಮೈದಾನದ ಮರುದಿನ ಮುಂಜಾನೆ ಸುಜಯ ನಮ್ಮ ಕಟ್ಟೆಗೆ ಬಂದು ಕೂತು ಫೋನು ತೆಗೆಯುತ್ತಿದ್ದ. ವಿಡಿಯೊದ ಕೆಳಗೆ ಜನ ಬರೆದದ್ದನ್ನು ಓದಿ ಹೇಳುತ್ತಿದ್ದ. ಅಡಿಗೆಮನೆಯಲ್ಲಿ ಮೈಕು ಹಿಡಿ ಅಂತ ಒಬ್ಬ ಬರೆದಾನ ನೋಡು ಆಯಿ, ಸೀರೆ ಛಲೋ ಐತಿ ಪ್ರಶ್ನೆ ಸುಮಾರ ಐತಿ ಅಂತ ಇನ್ನೊಬ್ಬ. ಓದುವಾಗ ಮುಖದಲ್ಲಿ ಕನಿಕರ ಇರುತ್ತಿತ್ತು. ಆದರೆ ಅವನ ಹೆಬ್ಬೆರಳು ಕೆಲವು ಕಡೆ ನಿಂತು ಕೆಲವು ಕಡೆ ಜಾರುತ್ತಿತ್ತು. ಒಮ್ಮೆ ನಾನು ಬಗ್ಗಿ ನೋಡಿದೆ. ಅವನು ಜಾರಿಸಿದ ಕಡೆ ‘ತಾಯಿ’ ಎಂಬ ಅಕ್ಷರ ಇತ್ತು, ‘ಕಣ್ಣೀರು’ ಎಂದೂ ಇತ್ತು. ಹೊಗಳಿದ್ದನ್ನೆಲ್ಲ ನುಂಗಿ ಬೈದದ್ದನ್ನಷ್ಟೇ ಆರಿಸಿ ಓದುತ್ತಿದ್ದ, ಅಕ್ಕಿ ಬಿಟ್ಟು ಹರಳು ಆರಿಸಿಕೊಳ್ಳುವವನ ಹಾಗೆ. ಪ್ರಾಜಕ್ತಾ ಎದುರು ಮನೆಯ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದಳು.

ಈ ವರ್ಷ ನಮ್ಮೂರ ಮೈದಾನಕ್ಕೆ ಮುಂಚೆ ಅವಳು ಹಾಲಿಗೆ ಬಂದಾಗ ಕಣ್ಣು ಮಿನುಗುತ್ತಿದ್ದವು. ಪುಣೆಯ ಒಂದು ದೊಡ್ಡ ಆಟದ ಚಾನೆಲ್‌ನವರು ಫೋನು ಮಾಡಿದ್ದರಂತೆ. ದೊಡ್ಡ ದೊಡ್ಡ ತಂಡಗಳು ಪೈಲ್ವಾನರನ್ನು ಕೊಂಡು ಆಡಿಸುವ ಲೀಗ್ ಇದೆಯಲ್ಲ, ಅದಕ್ಕೆ ಒಬ್ಬ ವರದಿಗಾರ್ತಿ ಬೇಕು. ಸದಲಗಾ ಮೈದಾನದ ಲೈವ್ ನೋಡುತ್ತೇವೆ, ನೀವು ಕಣದೊಳಗೆ ಹೇಗೆ ಮಾತಾಡಿಸುತ್ತೀರಿ ನೋಡಿ ಹೇಳುತ್ತೇವೆ ಅಂದಿದ್ದರು. ಸುಜಯನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದೆ ಅಂದಳು. “ಭಾಳ ಛಲೋ ಆತು ಅಂದ್ರು ಆಯಿ. ಆಮ್ಯಾಲೆ ನಿನ್ನೊಬ್ಬಾಕಿನ್ನ ಕರದಾರೇನು ಅಂತ ಕೇಳಿದ್ರು. ಹೌದು ಅಂದೆ. ಕ್ಯಾಮೆರಾದ ಗಾಜು ಒರಸ್ಕೋತ ಕುಂತ್ರು.”

ಎರಡು ದಿನ ಬಿಟ್ಟು ಕುಸ್ತಿ ಕಮಿಟಿಯ ಪಾರಿಸಣ್ಣ ಬಂದ. ಕಬ್ಬಿನ ದೊಡ್ಡ ರೈತ, ಮೈದಾನದ ಯಜಮಾನಿಕೆ ಅವನದೇ. ಎಂದಿನಂತೆ ಮಜ್ಜಿಗೆಗೆ ಹೇಳಿಹೋಗಲು ಬಂದಿದ್ದ. ಮಾತಿಗೆ ಮಾತು ಬಂದು, ಈ ಸಲ ಸುಜಯನೊಬ್ಬನೇ ಕಣಕ್ಕೆ ಇಳಿಯುತ್ತಾನೆ, ಹೆಂಗಸರು ಹಗ್ಗದ ಆಚೆ ಎಂದ. ಯಾಕೆ ಎಂದೆ.

“ನಮ್ಮ ತಲ್ಯಾಗ ಇರಲೇ ಇಲ್ಲ ಕೆಂಪವ್ವಾ. ಸುಜಯ ತಾನಾಗಿ ಬಂದು ಕೇಳಿದ, ಹೆಣಮಗಳು ಕಣಕ್ಕ ಇಳದರ ಹಿರ್ಯಾರು ಏನಂತಾರ ಅಂತ. ಕೇಳಿದ ಮ್ಯಾಲೆ ಹೌದಲ್ಲ ಅನಸ್ತು. ಗಂಡಗ ಬ್ಯಾಡಾಗಿದ್ದು ನಮಗ್ಯಾಕ ಬೇಕು?”

ವರ್ಷಾವರ್ಷ ನಾನು ಇಳಿಯುತ್ತೇನಲ್ಲ ಎಂದೆ. ಅವನು ನಕ್ಕುಬಿಟ್ಟ. ಕೆಟ್ಟ ನಗುವಲ್ಲ, ಕೂಸಿಗೆ ನಗುವ ಹಾಗೆ.

“ನಿಂದು ಬ್ಯಾರೆ ಬೇ. ಅದು ಮಜ್ಜಿಗಿ.”

ಅವತ್ತು ಸಂಜೆ ಪ್ರಾಜಕ್ತಾ ನಮ್ಮ ಕೊಟ್ಟಿಗೆಗೆ ಬಂದು ಮೇವಿನ ಕಟ್ಟಿನ ಮೇಲೆ ಕೂತಳು. ಕಮಿಟಿಯವರು ಹಟ ಹಿಡಿದಿದ್ದಾರೆ, ಸುಜಯ ಬಹಳ ಹೇಳಿದರೂ ಕೇಳಲೊಲ್ಲರು ಎಂದು ಅವನೇ ಬಂದು ಹೇಳಿದ್ದನಂತೆ. ಮೈಕು ಅವನು ಹಿಡಿಯುತ್ತಾನೆ, ಅವಳು ಹಗ್ಗದ ಆಚೆ ನಿಂತು ಕ್ಯಾಮೆರಾ ನೋಡಿಕೊಳ್ಳಬೇಕು. ಅಳಲಿಲ್ಲ. ಒಂದು ಜೋಳದ ಎಲೆಯನ್ನು ಸೀಳುತ್ತ, “ಪುಣೆದವರಿಗೆ ನನ್ನ ಕೈ ಸುದ್ದಾ ಕಾಣೂದಿಲ್ಲ ಆಯಿ” ಅಂದಳು, ಅಷ್ಟೇ.

ಪಾರಿಸಣ್ಣ ಹೇಳಿದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಗಂಡ ಹೆಂಡಿರ ನಡುವೆ ಮಾತು ಹಾಕುವುದು ಕಾದ ಹಾಲಿಗೆ ಹುಳಿ ಹಿಂಡಿದ ಹಾಗೆ, ಒಡೆದ ಮೇಲೆ ಕೂಡಿಸಲು ಬರುವುದಿಲ್ಲ. ಅವನ ಹೊಟ್ಟೆಕಿಚ್ಚು ಅವನಿಂದಲೇ ಹೊರಗೆ ಬರಲಿ ಎಂದು ಸುಮ್ಮನಾದೆ. ಬೇರೆ ಮಾತು ಹೇಳಿದೆ.

“ಈ ವರ್ಷ ನನ್ನ ಮೊಣಕಾಲ ಏಳವಲ್ಲವು. ಕೊಡ ನೀ ಹೊರು. ಸಂಜಿ ಗಿಂಡಿನೂ ನೀನ ಒಯ್ಯಬೇಕಾಗತೈತಿ. ಕೈ ಬದಲಾಗಾಕ ಬರೂದಿಲ್ಲ.”

ಅವಳು ಎಲೆ ಸೀಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಎದ್ದು ಹೋಗುವಾಗ ಸೆರಗಿಗೆ ಅಂಟಿದ್ದ ಹುಲ್ಲನ್ನು ಕೊಡವಿಕೊಂಡಳು.

ಮೈದಾನದ ಮುಂಜಾನೆ ಮಜ್ಜಿಗೆಯ ಕೊಡ ಅವಳ ತಲೆಯ ಮೇಲೆ ಕಂಡಾಗ ಪಾರಿಸಣ್ಣ ನನ್ನ ಕಡೆ ನೋಡಿದ. ಮೊಣಕಾಲು ಎಂದೆ. ನಮ್ಮ ಮನೆಯ ಮಜ್ಜಿಗೆ ಇರಬೇಕು, ಹೆಂಗಸಿನ ಕೈ ಇರಬೇಕು, ಪದ್ಧತಿ ಇಷ್ಟೇ. ಹಿಂದೆ ನಾನು ಬಾಣಂತಿಯಾಗಿದ್ದಾಗ ನೆರೆಮನೆಯವಳು ಹೊತ್ತಿದ್ದಳು. ಅವನು ದಾರಿ ಬಿಟ್ಟ. ಪ್ರಾಜಕ್ತಾ ಬರಿಗಾಲಿನಲ್ಲಿ ಮಣ್ಣಿಗೆ ಇಳಿದಳು. ಅಷ್ಟೂ ಗಂಡಸರು, ಹಗ್ಗದ ಸುತ್ತ ನಿಂತವರು, ಗೋಡೆಯ ಮೇಲೆ ಕೂತವರು, ಉಸಿರು ಹಿಡಿದು ಅವಳನ್ನೇ ನೋಡಿದರು. ಮಜ್ಜಿಗೆ ಬಂತು ಎಂದು ಕೂಗುವುದನ್ನೂ ಮರೆತರು.

ಆಗ ನನ್ನ ಎದೆಯಲ್ಲಿಯೂ ಒಂದು ಮುಳ್ಳು ಆಡಿತು. ಹರೆಯದಿಂದ ಹಲ್ಲು ಬೀಳುವ ತನಕ ನಾನು ಅದೇ ಕೊಡ ಹೊತ್ತೆ, ಅದೇ ಮಣ್ಣು ತುಳಿದೆ, ಒಬ್ಬರೂ ತಲೆ ಎತ್ತಲಿಲ್ಲ. ಇವಳನ್ನು ತಡೆಯಬೇಕೆಂದಾದರೂ ನೋಡುತ್ತಾರಲ್ಲ ಎನ್ನಿಸಿತು. ಬೈಸಿಕೊಳ್ಳುವುದಕ್ಕೂ ಮೊದಲು ಕಣ್ಣಿಗೆ ಬೀಳಬೇಕು. ಆ ಮುಳ್ಳು ಆಡಿದ ಮೇಲೆ ಸುಜಯನ ಮುಖ ನನಗೆ ಚೆನ್ನಾಗಿ ಅರ್ಥವಾಯಿತು. ಅವನು ಒಮ್ಮೆ ಕಣ್ಣಿಗೆ ಬಿದ್ದವನು, ಈಗ ಬೀಳದವನು. ನನಗಿಂತ ಅವನಿಗೆ ಹೆಚ್ಚು ಉರಿಯುತ್ತಿರಬೇಕು.

ದಿನವಿಡೀ ಅವಳು ಹಗ್ಗದ ಆಚೆ ಕ್ಯಾಮೆರಾ ಹಿಡಿದು ನಿಂತಳು. ಸುಜಯ ಬಿಳಿ ಅಂಗಿ ತೊಟ್ಟು, ಪಟಗಾ ಸುತ್ತಿಸಿಕೊಂಡು, ಒಳಗೆ ಮೈಕು ಹಿಡಿದು ಓಡಾಡಿದ. ಹಿಂದಿನಿಂದ ಯಾರೋ, ರೊಟ್ಟಿ ಬಡಿಯೂ ಕೈಗೆ ಕ್ಯಾಮೆರಾ ಭಾರ ಆಗಾಕಿಲ್ಲೇನ್ರಿ ವೈನಿ ಎಂದ. ಅವಳು ತಿರುಗಲಿಲ್ಲ. ಡಬ್ಬಿ ನನ್ನ ಪಕ್ಕದಲ್ಲಿಯೇ ಇತ್ತು. ಹೊತ್ತು ಇಳಿಯುತ್ತಿದೆ ಉಣ್ಣು ಎಂದೆ. ತಲೆ ಅಲ್ಲಾಡಿಸಿದಳು. ಸುಜಯನೂ ಉಣ್ಣಲಿಲ್ಲ. ಕುರ್ಚಿ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬಂತೆ ಕೂತಿದ್ದ.

ದೊಡ್ಡ ಕುಸ್ತಿ ಶಿರಗುಪ್ಪಿಯ ವಿಶ್ವಾಸನಿಗೂ ಕೊಕಟನೂರಿನ ಅದೇ ಮಾಳಸಿದ್ದನಿಗೂ. ಬಹಳ ಹೊತ್ತು ನಡೆಯಲಿಲ್ಲ. ವಿಶ್ವಾಸ ಕೆಳಗೆ ಹಾಕಿ, ಘಿಸ್ಸಾ ಕಟ್ಟಿ, ಚಿತ್ ಮಾಡಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಸಿ ಇಳಿಸಿದರು. ಸುಜಯ ಮೈಕು ಮುಂದೆ ಹಿಡಿದು ಹ್ಯಾಂಗ ಅನಸಾಕತ್ತೈತಿ ಎಂದು ಕೇಳಿದ. ವಿಶ್ವಾಸ ಛಲೋ ಅನಸಾಕತ್ತೈತ್ರಿ ಎಂದ, ಎಲ್ಲ ಹಿರಿಯರ ಆಶೀರ್ವಾದ ಎಂದ, ಫೋಟೊಕ್ಕೆ ಕರೆದರೆಂದು ಹೋಗಿಬಿಟ್ಟ. ಸುಜಯನ ಕೈಯಲ್ಲಿ ಮೈಕು ಹಾಗೆಯೇ ಉಳಿಯಿತು.

ಆಗ ಪ್ರಾಜಕ್ತಾ ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಕೂಡಿಸಿ, ಕಣದ ನಡುವು ಹತ್ತಿರ ಕಾಣುವಂತೆ ಗುರಿ ಮಾಡಿ, ನನ್ನ ಕಡೆ ಕೈ ಚಾಚಿದಳು. ಗಿಂಡಿ ಕೊಟ್ಟೆ. ಹಗ್ಗದ ಕೆಳಗೆ ನುಸುಳಿದಳು. ಒಬ್ಬ ಪಂಚ ಕೈ ಅಡ್ಡ ಹಿಡಿಯಲು ಬಂದ. ನಾನು ಕೂತಲ್ಲಿಂದಲೇ, ನನ್ನ ಜೀವಮಾನದಲ್ಲಿ ಮೊದಲ ಸಲ, ಆ ಮಾತನ್ನು ಕೂಗಿದೆ.

“ಮಜ್ಜಿಗಿ ಬಂತು.”

ಹಲಗಿ ಬಡಿಯುವ ಭರಮು ಆ ಮಾತು ಕಿವಿಗೆ ಬಿದ್ದ ಕೂಡಲೇ, ಯಾರು ಅಂದರು ಎಂದು ನೋಡದೆ, ರೂಢಿಯ ಮೇಲೆ ಬಡಿದೇಬಿಟ್ಟ. ಹಲಗಿ ಬಿದ್ದ ಮೇಲೆ ಯಾರು ತಡೆಯುತ್ತಾರೆ. ಪಂಚ ಪಕ್ಕಕ್ಕೆ ಸರಿದ.

ಅವಳು ಮಾಳಸಿದ್ದ ಬಿದ್ದ ಜಾಗಕ್ಕೆ ಹೋಗಿ ಗಿಂಡಿ ಬಗ್ಗಿಸಿದಳು. ಅವನು ಅಲ್ಲಿಯೇ ಕೂತಿದ್ದ, ಒಂದು ಭುಜ ಜೋತು ಬಿದ್ದಿತ್ತು. ಖಾಲಿ ಗಿಂಡಿಯನ್ನು ಪಕ್ಕಕ್ಕಿಟ್ಟು, ಕುಕ್ಕರುಗಾಲಿನಲ್ಲಿ ಕೂತು, ಅವನಿಗೆ ಏನೋ ಕೇಳಿದಳು. ನಮಗೆ ಕೇಳಿಸಲಿಲ್ಲ. ತುಟಿ ಅಲುಗಿದ್ದು ಕಂಡಿತು.

ಸುಜಯ ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ನೋಡಿದ, ಅವಳನ್ನು ನೋಡಿದ. ಎರಡು ಹೆಜ್ಜೆಯಲ್ಲಿ ಅವರ ಹತ್ತಿರಕ್ಕೇ ಬಂದು ಇಬ್ಬರಿಗೂ ಬೆನ್ನು ಮಾಡಿ, ಕ್ಯಾಮೆರಾಕ್ಕೆ ಅಡ್ಡವಾಗಿ ನಿಂತುಬಿಟ್ಟ. ಬರುವ ವರ್ಷದ ಮೈದಾನದ ಬಗ್ಗೆ, ಕಮಿಟಿಯ ಬಗ್ಗೆ ಏನೋ ಹೇಳಿದ. ಮಾತು ತೀರಿತು. ತೀರಿದರೂ ಸರಿಯಲಿಲ್ಲ. ಅವಳು ಎದ್ದು ಮುಂದೆ ಬಂದು ಮೈಕಿಗೆ ಕೈ ಚಾಚಿಯಾಳು ಎಂದೋ ಏನೋ, ಅಥವಾ ಚಾಚಿದರೆ ಇಷ್ಟು ಜನರೆದುರು ಕೊಡಬೇಕಾದೀತು ಎಂದೋ, ಮೈಕಿನ ಕೈಯನ್ನು ಬೆನ್ನ ಹಿಂದಕ್ಕೆ ಮಾಡಿ ಬಿಗಿಹಿಡಿದು ನಿಂತ.

ನನ್ನ ಮಗ ಅಮೋಘಸಿದ್ದ ಮನೆಗೆ ಬಂದ ಮೇಲೆ ತನ್ನ ಫೋನಿನಲ್ಲಿ ಅದನ್ನು ತೋರಿಸಿದ. ತೆರೆಯ ತುಂಬ ಸುಜಯನ ಮುಖ. ಬಾಯಿ ಮುಚ್ಚಿದೆ. ಆದರೆ ಮಾತು ಕೇಳುತ್ತಿದೆ. ಅವನು ಬೆನ್ನ ಹಿಂದೆ ಬಚ್ಚಿಟ್ಟ ತಂತಿಯಿಲ್ಲದ ಮೈಕು ಚಾಲೂ ಇತ್ತು, ಕೂತ ಇಬ್ಬರ ಬಾಯಿಗೆ ಹತ್ತಿರವೇ ಇತ್ತು. ಊಟ ಮಾಡೀರೇನ್ರಿ ಎಂದು ಅವಳ ದನಿ. ಇಲ್ರಿ ಅಕ್ಕಾ ಎಂದು ಅವನದು. ಆಮೇಲೆ ಆ ಹುಡುಗ ಎಲ್ಲ ಹೇಳಿದ್ದ. ಒಂದು ತಂಡದವರು ಕರೆದುಕೊಂಡು ಹೋಗಿ ಆಡಿಸಿ, ಭುಜ ಇಳಿದ ಮೇಲೆ ಬಸ್ಸು ಹತ್ತಿಸಿ ಕಳಿಸಿದ್ದನ್ನು. ಆ ಭುಜ ಕೂಡಿಲ್ಲ, ಕೂಡಿಲ್ಲ ಎಂದರೆ ಯಾರೂ ಕುಸ್ತಿಗೆ ಜೋಡಿ ಹಚ್ಚುವುದಿಲ್ಲ, ಅದಕ್ಕೇ ಮುಚ್ಚಿಟ್ಟುಕೊಂಡು ಇಳಿದದ್ದನ್ನು. ಸೋಲುತ್ತೇನೆಂದು ಮಣ್ಣು ಮುಟ್ಟುವ ಮುಂಚೆಯೇ ಗೊತ್ತಿದ್ದದ್ದನ್ನು. ನಾಳೆ ಕುರಿಯ ಹಿಂದೆ ಹೋಗುತ್ತೇನೆ ಎಂದ. ಅವಳು ನಡುನಡುವೆ ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೂ ಕೇಳಿಸುತ್ತಿತ್ತು.

ಆ ಹೊತ್ತೆಲ್ಲ ಜನ ನೋಡಿದ್ದು ಸುಜಯನ ಮುಖ. ಕಣ್ಣು ಒಮ್ಮೆ ಎಡಕ್ಕೆ ಹೊರಳುತ್ತಿತ್ತು, ಒಮ್ಮೆ ಹಿಂದಕ್ಕೆ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಹೊಟ್ಟೆಯ ಕಿಚ್ಚಿಗೆ ಹೊಗೆ ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಕೆಳಗೆ ಜನ ಸಾಲುಸಾಲಾಗಿ ಬರೆದಿದ್ದರು. ಬಾಜೂಕ ಸರಿಯಪ್ಪಾ, ಅಕ್ಕನ ಮಾರಿ ಕಾಣವಲ್ದು ಎಂದು. ಅಮೋಘಸಿದ್ದ ಓದುತ್ತ ಹೋದ, ನಾನು ಸಾಕು ಎಂದೆ.

ಮರುದಿನ ಹಾಲು ಒಯ್ದಾಗ ಸುಜಯ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಫೋನು, ದನಿ ಬಂದ್ ಮಾಡಿ ಅದನ್ನೇ ನೋಡುತ್ತಿದ್ದ. ಓದಿ ಹೇಳಲಿಲ್ಲ. ಪುಣೆಯವರು ಮುಂಜಾನೆಯೇ ಫೋನು ಮಾಡಿದ್ದು ಆಗಲೇ ಓಣಿಗೆಲ್ಲ ಗೊತ್ತಾಗಿತ್ತು. ಮಾರಿ ಕಾಣದಿದ್ದರೂ ನಡೀತದ, ದನಿ ಸಾಕು ಅಂದರಂತೆ. ಪ್ರಾಜಕ್ತಾ ಒಳಗಿನಿಂದ ತಾಟು ಹಿಡಿದುಕೊಂಡು ಬಂದಳು. ಅವನ ಎದುರಿಗೆ, ಒಂದು ಮೆಟ್ಟಿಲು ಕೆಳಗೆ, ಕುಕ್ಕರುಗಾಲಿನಲ್ಲಿ ಕೂತಳು.

“ಊಟ ಮಾಡೀರೇನ್ರಿ?”

ಮೈಕು ಇರಲಿಲ್ಲ. ಆದರೆ ಉತ್ತರಕ್ಕೆ ಕಾಯುವುದು ಅವಳಿಗೆ ಹಾಗೆಯೇ ರೂಢಿ. ಅವನು ಬಹಳ ಹೊತ್ತು ತಾಟಿನ ರೊಟ್ಟಿಯನ್ನು ನೋಡಿದ.

“ಪಾರಿಸಣ್ಣನ ಕಡೆ ನಾನ ಹೋಗಿದ್ದೆ,” ಎಂದ.

“ಗೊತ್ತೈತಿ.”

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಿಮ್ಮ ಮಾರಿ ನೋಡಿದೆ.”

ಅವನು ಒಂದು ತುತ್ತು ಮುರಿದ, ಬಾಯಿಗೆ ಒಯ್ಯಲಿಲ್ಲ. ನಾನು ಹಾಲು ಅಳೆದು ಪಾತ್ರೆಗೆ ಹಾಕಿದೆ, ಎದ್ದು ಹೋಗಲು ಕಾಲು ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಪುಣೆಗೆ ಹೊರಡುತ್ತೇನೆ, ಡಬ್ಬಿ ಕಟ್ಟಿಕೊಂಡಿದ್ದೇನೆ, ಹೊತ್ತು ಮುಳುಗುವುದರೊಳಗೆ ಉಣ್ಣುತ್ತೇನೆ ಎಂದು ಅವಳು ಹೇಳಿದಳು. ಕ್ಯಾಮೆರಾ ಒಯ್ಯುತ್ತೀಯಾ ಎಂದು ಅವನು ಕೇಳಿದ.

“ಕ್ಯಾಮೆರಾ ನಿಮಗಿರಲಿ. ಸ್ಟ್ಯಾಂಡ್ ಒಯ್ತೀನಿ, ಅದು ಅಡ್ಡ ನಿಲ್ಲೂದಿಲ್ಲ.”

ಅವಳು ಒಳಗೆ ಹೋದಳು. ಸುಜಯ ತುತ್ತನ್ನು ತಾಟಿಗೆ ಇಟ್ಟು, ಫೋನನ್ನು ಬೋರಲು ಹಾಕಿದ. ನನ್ನ ಕಡೆ ನೋಡದೆಯೇ ಅಂದ:

“ಆಯಿ, ನಾಳಿಂದ ಹಾಲು ಕಡಿಮಿ ಹಾಕು.”